ನಾಲ್ವರು ಕುಡಿದ ಸೀರೆ

ಕುಡಿಯುತ್ತಿದ್ದ ಕಾಲದಲ್ಲಿ ನನ್ನ ಮರ್ಯಾದೆ ಹೋಗುತ್ತಿತ್ತು; ಅದಕ್ಕೆ ಕಾರಣವಾದರೂ ಇತ್ತು. ಬಿಟ್ಟು ಒಂಬತ್ತು ವರ್ಷವಾದ ಮೇಲೂ ಹೋಗುತ್ತಲೇ ಇದೆ ಅಂದರೆ ಏನು ಹೇಳಬೇಕು? ಕುಡಿತ ಬಿಟ್ಟವನು ಬೇರೆಯವರ ಕುಡಿತ ಬಿಡಿಸಲು ಹೊರಟರೆ ವಾರಕ್ಕೊಂದಾದರೂ ಫಜೀತಿ ಕಟ್ಟಿಟ್ಟ ಬುತ್ತಿ.

ನಾನು ಗಜೇಂದ್ರಗಡದ ನೇಕಾರ. ಮಧ್ಯಾಹ್ನದ ಊಟದ ತನಕ ಮಗ್ಗ, ಊಟವಾದ ಮೇಲೆ ಕುಡುಕರು. ಗಜೇಂದ್ರಗಡ, ರೋಣ, ನರಗುಂದ ಅಂತ ಬಸ್ಸು ಹತ್ತಿ ಇಳಿದು ಒಬ್ಬೊಬ್ಬರನ್ನೇ ಹಿಡಿದು ಕೂರಿಸಿ ಮಾತಾಡುತ್ತೇನೆ, ದವಾಖಾನೆಗೆ ಕರೆದೊಯ್ಯುತ್ತೇನೆ, ಬೆಳಗಾದ ಕೂಡಲೇ ಫೋನು ಹಚ್ಚಿ ವಿಚಾರಿಸುತ್ತೇನೆ. ಊರವರು ನನಗೆ ‘ಕುಡುಕರ ಮಠದ ಸ್ವಾಮಿ’ ಅಂತ ಹೆಸರಿಟ್ಟಿದ್ದಾರೆ. ಇಡಲಿ ಬಿಡಿ. ಹಿಂದೆ ಇವರೇ ಇಟ್ಟಿದ್ದ ಹೆಸರನ್ನು ಹೆಣ್ಣುಮಕ್ಕಳ ಮುಂದೆ ಹೇಳುವಂತಿರಲಿಲ್ಲ, ಇದನ್ನು ಹೇಳಬಹುದು. ಅಷ್ಟರ ಮಟ್ಟಿಗೆ ನಾನು ಮೇಲೇರಿದ್ದೇನೆ.

ಪರದೆ

ಊರಿಗೆಲ್ಲ ಸೀರೆ ನೇಯುವವನ ಹೆಂಡತಿಗೆ ತನ್ನದು ಅಂತ ಒಂದು ಒಳ್ಳೆಯ ಸೀರೆ ಇರುವುದಿಲ್ಲ. ನೂಲು ಸಾಹುಕಾರನದು, ನೇದ ಮೇಲೆ ಸೀರೆಯೂ ಸಾಹುಕಾರನದು. ನನ್ನ ಹೆಂಡತಿ ಮೂರು ವರ್ಷ ಸ್ವಲ್ಪ ಸ್ವಲ್ಪವೇ ನೂಲು ಕೂಡಿಟ್ಟು, ಮನೆಯ ಹಳೆಯ ಕುಣಿ ಮಗ್ಗದ ಮೇಲೆ ತನಗಾಗಿ ಒಂದು ಪಟ್ಟೇದಂಚಿನ ಸೀರೆ ನೇಯಲು ಹಿಡಿದಿದ್ದಳು. ಮೈತುಂಬ ಚೌಕಡಿ, ಅಗಲ ಅಂಚು, ಒಳಗೂ ಹೊರಗೂ ಒಂದೇ ಥರ. ನಮ್ಮ ಕಡೆ ಮದುಮಗಳಿಗೆ ಕೊಡುವ ಸೀರೆ ಅದು. ಅವಳ ಮದುವೆಯಲ್ಲಿ ಅವಳಿಗದು ಸಿಕ್ಕಿರಲಿಲ್ಲ.

ಸೀರೆ ಅರ್ಧಕ್ಕೆ ಬಂದಿತ್ತು. ಅವಳು ನೀರಿಗೆ ಹೋದ ಹೊತ್ತು ನೋಡಿ ನಾನು ಕತ್ತರಿ ಹಚ್ಚಿದೆ. ಮಗ್ಗದಿಂದ ಕತ್ತರಿಸಿದ ಆ ಅರ್ಧ ಸೀರೆಯನ್ನು ದಾರೂ ಅಂಗಡಿಯವನಿಗೆ ಕೊಟ್ಟು ನಾಲ್ಕು ಮಂದಿ ಕುಡಿದೆವು. ನಾನು, ನರಗುಂದದ ಕಾಳಿನ ಪೇಟೆಯ ಒಬ್ಬ ಹಮಾಲ, ಹೊಳೆಮಣ್ಣೂರಿನ ಒಬ್ಬ ರೈತ, ಮತ್ತು ನಾಲ್ಕನೆಯವನೊಬ್ಬ.

ಮೂರನೆಯ ದಿನ ನನ್ನ ಹೆಂಡತಿ ಸಂತೆಯಿಂದ ಬರುವಾಗ ಆ ಅಂಗಡಿಯ ಬಾಗಿಲಿಗೆ ತನ್ನ ಸೀರೆ ಪರದೆಯಾಗಿ ತೂಗುತ್ತಿದ್ದುದನ್ನು ಕಂಡಳು. ಬಂದು ಸರಿಸಿದಳು. ಹಿಂದೆ ನಾನು ಕೂತಿದ್ದೆ.

“ನಾ ನೇದ ಸೀರಿ ಸರಿಸಿದ್ರ ನನ್ನ ಗಂಡನ ಕಾಣಬೇಕೇನ್ರಿ?” ಅಂದಳು. ಅಷ್ಟೇ. ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. ಅವತ್ತು ಆದಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಅವತ್ತೇ ಬಿಟ್ಟೆ ಅಂದರೆ ಕಥೆ ಚಂದ ಇರುತ್ತಿತ್ತು. ಬಿಡಲಿಲ್ಲ. ಇನ್ನೂ ನಾಲ್ಕು ತಿಂಗಳು ಹಿಡಿಯಿತು, ಮೇಲೆ ದವಾಖಾನೆಯ ಮಂಚವೂ ಬೇಕಾಯಿತು. ಅಲ್ಲಿಂದ ಮನೆಗೆ ಬಂದ ದಿನ ಅವಳು ಹೊಸ್ತಿಲಲ್ಲೇ ಅಡ್ಡ ನಿಂತಳು.

“ಹಾ ಅನ್ರಿ.”

ಹಾ ಅಂದೆ. ಬಾಯಿ ಮೂಸಿ ನೋಡಿದಳು.

“ನನ್ನ ಸೀರಿ ಎಷ್ಟ ಮಂದಿ ಕುಡದ್ರಿ?”

“ನಾಕು ಮಂದಿ.”

“ಹಂಗಾರ ನಾಕೂ ಮಂದಿ ಕೂಡಿ ನೇದು ಕೊಡ್ರಿ. ಒಂದು ವರ್ಷ ಬಾಯಿಗೆ ಹಚ್ಚದಾಂವ ಅಷ್ಟ ನನ್ನ ಮಗ್ಗದಾಗ ಇಳೀಬೇಕು. ನನ್ನ ಸೀರಿ ನನಗ ಬರೂತನಕ ದಿನಾ ಹೊಸ್ತಲದಾಗ ಹಿಂಗ ಬಾಯಿ ತಗೀಬೇಕು ನೀವು. ಯಾರ್‍ಯಾರು ಹೇಳ್ರಿ?”

ಹಮಾಲನನ್ನು ಹೇಳಿದೆ, ಹೊಳೆಮಣ್ಣೂರಿನವನನ್ನು ಹೇಳಿದೆ. ನಾಲ್ಕನೆಯವನು ಯಾರು ಅಂದಾಗ, “ಗೊತ್ತಿಲ್ಲ, ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಾಂವ” ಅಂದೆ.

ನಾಲ್ಕನೆಯವನು ನರೇಗಲ್ಲಿನ ಅವಳ ಸ್ವಂತ ತಮ್ಮ. ಭಜನಾ ಮೇಳದ ಮುಂದಾಳು. “ನನ್ನ ತಮ್ಮ ಉಳ್ಳಾಗಡ್ಡಿ ಸೈತ ಮುಟ್ಟಂಗಿಲ್ಲ” ಅಂತ ಅವಳು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವನ ಹೆಸರು ಹೇಳಲು ಕುಡಿಯದೆ ನನಗೆ ಧೈರ್ಯ ಬರುವಂತಿರಲಿಲ್ಲ, ಕುಡಿಯುವಂತೆಯೂ ಇರಲಿಲ್ಲ.

ಎರಡನೆಯ ವಾಕ್ಯ

ಒಂದು ವರ್ಷ ದಾಟಿಸಿ ನನ್ನ ಪಾಲಿನದನ್ನು ನಾನು ನೇದೆ. ಆ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಮಂಗಳವಾರಕ್ಕೊಮ್ಮೆ ಏಳೆಂಟು ಮಂದಿ ಸೇರತೊಡಗಿದ್ದರು. ಅಲ್ಲೊಂದು ಪದ್ಧತಿ. ಮಾತಾಡಲು ಎದ್ದವನು ಮೊದಲು “ನಾನೊಬ್ಬ ಕುಡುಕ” ಅನ್ನಬೇಕು, ಆಮೇಲೆ ಕುಡಿಯದೆ ಎಷ್ಟು ದಿನವಾಯಿತು ಅನ್ನುವುದನ್ನು ಹೇಳಬೇಕು. ಮೊದಲನೆಯ ವಾಕ್ಯ ಹೇಳಲು ಎದೆ ಬೇಕು, ಎರಡನೆಯದಕ್ಕೆ ದಿನಗಳು ಬೇಕು.

ರೋಣದ ಒಂದು ಹೈಸ್ಕೂಲಿನಲ್ಲಿ ದುಶ್ಚಟದ ಬಗ್ಗೆ ನಾಲ್ಕು ಮಾತಾಡಿ ಅಂತ ಒಬ್ಬ ಮಾಸ್ತರು ಕರೆದರು. ಹೋದೆ. ಕರೆದ ಮಾಸ್ತರು ಅವತ್ತು ರಜೆ. ಹೆಡ್‌ಮಾಸ್ತರು ಹೊಸಬರು, ನಾನು ಯಾರೋ ದೊಡ್ಡ ಭಾಷಣಕಾರ ಅಂತ ತಿಳಿದು ಶಾಲು ಹೊದಿಸಿ, ಹಾರ ಹಾಕಿ, ಮೈಕು ಕೊಟ್ಟರು.

“ಎಲ್ಲರಿಗೂ ನಮಸ್ಕಾರ. ನಾನೊಬ್ಬ ಕುಡುಕ” ಅಂದೆ.

ಎರಡನೆಯ ವಾಕ್ಯಕ್ಕೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೈಕು ಬಂದ್. ಹೆಡ್‌ಮಾಸ್ತರು ಎದ್ದು ನಿಂತು, “ಏ, ಇಳಸ್ರೋ ಇವನ್ನ! ಹುಡುಗೂರ ಮುಂದ ಕುಡದು ಬಂದಾನ!” ಅಂದರು. ಶಾಲೆಯ ಸಿಪಾಯಿ ಬಂದು ರಟ್ಟೆ ಹಿಡಿದ.

“ಸರ, ನಂದು ಎರಡನೇ ವಾಕ್ಯ ಉಳದೈತ್ರಿ,” ಅಂದೆ.

“ಮೊದಲನೇದ ಸಾಕಾತು!”

“ಬಾಯಿ ಮೂಸಿ ನೋಡ್ರಿ ಬೇಕಾರ.”

“ಮೂಸಾಕ ನಾ ಏನು ನಿನ್ನ ಹೇಣ್ತಿ ಏನೋ?”

ನಾನೂ ಜಿದ್ದಿನವನು. ಮೈಕಿನ ಕಂಬ ಹಿಡಿದುಕೊಂಡೆ, ಬಿಡಲಿಲ್ಲ. ಹುಡುಗರಿಗೆ ಖುಷಿಯೋ ಖುಷಿ. ಆಗ ಮುಂದಿನ ಸಾಲಿನಲ್ಲಿ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಎದ್ದು ನಿಂತಳು.

“ಸರ, ಇವರು ಕುಡದಿಲ್ರಿ.”

“ನಿನಗ ಹ್ಯಾಂಗ ಗೊತ್ತವಾ?”

“ಕುಡದವ್ರು ‘ನಾ ಕುಡದಿಲ್ಲ’ ಅಂತಾರ್ರಿ. ನಮ್ಮಪ್ಪ ದಿನಾ ಅಂತಾನ.”

ಹಳದಿ ದಾರ

ಆ ಹುಡುಗಿಯನ್ನು ಆಮೇಲೆ ಕರೆದು ಊರು ಕೇಳಿದೆ. ಹೊಳೆಮಣ್ಣೂರು. ಅಪ್ಪನ ಹೆಸರು ಹೇಳಿದಳು. ನನ್ನ ಜೊತೆ ಸೀರೆ ಕುಡಿದವನ ಮಗಳು.

ಅವನ ಮನೆಗೆ ನಾನು ಆರು ಸಲ ಹೋದೆ. ಆರೂ ಸಲ, “ನಾ ಬಿಟ್ಟು ಭಾಳ ದಿನ ಆತು, ಸುಮ್ನ ಬಸ್ಸಿನ ರೊಕ್ಕ ಯಾಕ ಕಳೀತೀ?” ಅಂದ. ಅವನ ಹೆಂಡತಿಯೂ ಮನೆಯ ಮೂಲೆ ಮೂಲೆ ಹುಡುಕಿದ್ದಳು. ಒಂದು ಬಾಟಲಿಯೂ ಸಿಕ್ಕಿರಲಿಲ್ಲ. ಆದರೆ ದಿನಾ ಸಂಜೆ ಹಿತ್ತಲಿನ ಬಣವೆ ಕಾಯಲು ಹೋಗುತ್ತಿದ್ದ, ಬರುವಾಗ ಗೋಡೆ ಹಿಡಿದು ಬರುತ್ತಿದ್ದ.

ಆ ವರ್ಷ ಮಲಪ್ರಭೆಗೆ ನೀರು ಬಂತು. ಕೆಳಗಿನ ಓಣಿಯವರೆಲ್ಲ ದನ ಕರು ಸಾಮಾನು ಸಮೇತ ಎತ್ತರಕ್ಕೆ ಬಂದರು. ನಾನು ಗಜೇಂದ್ರಗಡದಿಂದ ರೊಟ್ಟಿಯ ಗಂಟು ಹೊತ್ತುಕೊಂಡು ಹೋಗಿದ್ದೆ. ಎಲ್ಲರೂ ದಂಡೆಯಲ್ಲಿ ನಿಂತು ನೀರು ನೋಡುತ್ತಿದ್ದಾಗ ಅವನ ಬಣವೆ ಅಲುಗಾಡಿತು, ವಾಲಿತು, ಬಿಚ್ಚಿಕೊಂಡು ತೇಲಿತು. ಅದರ ಹಿಂದೆಯೇ ಒಂದೊಂದಾಗಿ ಪ್ಲಾಸ್ಟಿಕ್ಕಿನ ಕ್ವಾರ್ಟರ್ ಬಾಟಲಿಗಳು ತಲೆ ಎತ್ತಿದವು. ಊರ ಮುಂದೆಯೇ ಸಾಲಾಗಿ ಹೊರಟವು.

“ಯಾರ ಬಾಟ್ಲಿನೋ ಏನೋ,” ಅಂದ ನಮ್ಮವನು.

ಆದರೆ ಪ್ರತಿಯೊಂದು ಬಾಟಲಿಯ ಕುತ್ತಿಗೆಗೂ ಹಳದಿ ಉಣ್ಣೆಯ ದಾರ. ಪಕ್ಕದಲ್ಲೇ ನಿಂತ ಅವನ ಎತ್ತುಗಳ ಕೊಂಬಿಗೂ ಅದೇ ಹಳದಿ ಉಣ್ಣೆಯ ಗೊಂಡೆ. ಊರ ಹಿರಿಯನೊಬ್ಬ ಎತ್ತು ನೋಡಿದ, ಬಾಟಲಿ ನೋಡಿದ, ಅವನ ಮುಖ ನೋಡಿದ.

“ಅಲ್ಲೋ ತಮ್ಮಾ, ಬಾಟ್ಲಿಗೆ ದಾರ ಯಾಕ ಕಟ್ಟಿದ್ದಿ?”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. “ನಮ್ಮ ತಮ್ಮನ ಬಾಟ್ಲಿ ಜೋಡಿ ಅದಲಬದಲ ಆಗಬಾರದಂತ ಕಟ್ಟಿದ್ನಿರಿ,” ಅಂದ.

ಅವನ ತಮ್ಮ ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅಷ್ಟರಲ್ಲಿ ಕೆಂಪು ದಾರದವೂ ಬಂದವು.

ತಾಲೂಕು ಬೇರೆ

ನರಗುಂದದ ಹಮಾಲ ಸುಳ್ಳುಗಾರನಲ್ಲ. ಅವನದು ಇನ್ನೊಂದು ತೊಂದರೆ, ಅವನು ಕಾನೂನು ಬಲ್ಲವನು. ಕ್ವಿಂಟಲ್ ಚೀಲವನ್ನು ಒಂದೇ ಏಟಿಗೆ ಬೆನ್ನಿಗೆ ಏರಿಸುವ ಆಳು, ದೇವರಿಗೆ ಮಾತ್ರ ಬಹಳ ಹೆದರುತ್ತಿದ್ದ. ಅದಕ್ಕೇ ನಾನು ಅವನನ್ನು ಗಜೇಂದ್ರಗಡಕ್ಕೆ ಕರೆಸಿ, ನಮ್ಮ ಓಣಿಯ ಗುಡಿಯಲ್ಲಿ ದೀಪ ಮುಟ್ಟಿಸಿ ಆಣೆ ಮಾಡಿಸಿದೆ. ಕುಡಿಯುವುದಿಲ್ಲ ಅಂತ ಗಟ್ಟಿಯಾಗಿ ಅಂದ.

ಎಂಟು ದಿನದ ಮೇಲೆ ನರಗುಂದಕ್ಕೆ ಹೋದರೆ ಗುಡ್ಡದ ಬುಡದಲ್ಲಿ ನೆರಳು ನೋಡಿ ಕೂತು ಕುಡಿಯುತ್ತಿದ್ದಾನೆ!

“ಏನೋ, ಆಣಿ ಮಾಡಿದ್ಯಲ್ಲೋ!”

“ಮಾಡೀನಿ, ಇಲ್ಲ ಅಂದೇನೇನ್ರಿ? ಅದು ಗಜೇಂದ್ರಗಡದ ದೇವರ ಮುಂದ. ಇದು ನರಗುಂದರಿ ಅಣ್ಣಾರ. ತಾಲೂಕು ಬ್ಯಾರೆ.”

ಸರಿ, ನರಗುಂದದ ಗುಡಿಯಲ್ಲೂ ದೀಪ ಮುಟ್ಟಿಸಿದೆ. ಮುಂಜಾಗ್ರತೆಗೆ ರೋಣಕ್ಕೂ ಕರೆದೊಯ್ದು ಅಲ್ಲೂ ಮುಟ್ಟಿಸಿದೆ. ಮೂರು ತಾಲೂಕಿಗೂ ಬೇಲಿ ಹಾಕಿದೆ ಅಂತ ಹಿಗ್ಗಿ ಮನೆಗೆ ಬಂದೆ. ಐದನೆಯ ದಿನ ಅವನದೇ ಫೋನು ಬಂತು, ನಾಲಗೆ ಹೊರಳುತ್ತಿರಲಿಲ್ಲ.

“ಎಲ್ಲಿ ಅದೀಯೋ?”

“ಬಾದಾಮ್ಯಾಗರಿ. ಜಿಲ್ಲಾನ ಬ್ಯಾರೆ.”

ಅವತ್ತು ನನಗೆ ಸಿಟ್ಟು ನೆತ್ತಿಗೇರಿತು. ಬಾದಾಮಿಗೇ ಹೋಗಿ ಎಳೆದು ತಂದೆ. ದವಾಖಾನೆಯಲ್ಲಿ ನಿಶೆ ಇಳಿದ ಮೇಲೆ ಹೇಳಿದೆ, “ಇನ್ನ ಮ್ಯಾಲ ದೇವರನ್ನ ನಡುವ ತರೂದ ಬ್ಯಾಡ. ಆಣಿನೂ ಬ್ಯಾಡ. ಇವತ್ತೊಂದ ದಿವಸ ಕುಡೀಬ್ಯಾಡ. ನಾಳೆ ಬೇಕಾರ ಕುಡಿ, ನಾ ಬ್ಯಾಡ ಅನ್ನಂಗಿಲ್ಲ.”

ಇದು ಅವನಿಗೆ ಬಹಳ ನ್ಯಾಯವಾಗಿ ಕಂಡಿತು. ಮರುದಿನ ಬೆಳಿಗ್ಗೆ ಫೋನು ಮಾಡಿದ, “ಇವತ್ತ ಕುಡೀಬಹುದೇನ್ರಿ?”

“ನಾಳೆ ಅಂದಿದ್ದೆ. ಇದು ಇವತ್ತು.”

“ಖರೇ ಐತಿ,” ಅಂದು ಇಟ್ಟ. ಅದರ ಮರುದಿನವೂ ಫೋನು. ಅದರ ಮರುದಿನವೂ. ಕೆಲವು ಬೆಳಿಗ್ಗೆ ಅಳುತ್ತಿದ್ದ, ಕೆಲವು ಬೆಳಿಗ್ಗೆ ನನ್ನ ವಂಶವನ್ನೆಲ್ಲ ಬೈದು ಇಡುತ್ತಿದ್ದ. ಆದರೆ ಫೋನು ತಪ್ಪಿಸಲಿಲ್ಲ. ಹೀಗೇ ಒಂದು ವರ್ಷವಾಯಿತು. ವರ್ಷ ತುಂಬಿದ ದಿನ ಬೆಳಿಗ್ಗೆ ಫೋನು ಮಾಡಿ ಕೇಳಿದ:

“ಅಣ್ಣಾರ, ಈ ನಾಳೆ ಅನ್ನೂದು ಯಾವ ತಾಲೂಕಿನ್ಯಾಗ ಬರತೈತ್ರಿ?”

ನಮ್ಮ ಮನೆಯ ಮಷಿನ್ನು

ದಿನಾ ಸಂಜೆ ನಾನು ಹೊಸ್ತಿಲಲ್ಲಿ ನಿಂತು ಹಾ ಅನ್ನುವುದು, ಹೆಂಡತಿ ಮೂಸಿ “ನಡೀರಿ ಒಳಗ” ಅನ್ನುವುದು ಓಣಿಗೆಲ್ಲ ಗೊತ್ತಿತ್ತು. ಎಷ್ಟೋ ಮಂದಿ ಆಡಿಕೊಂಡರು. “ಏನಪಾ, ಹೇಣ್ತಿ ಮುಂದ ಬಾಯಿ ತಗದು ನಿಲ್ಲೂ ಗಂಡಸು!” ಅಂದರು. “ನಿಮ್ಮಂಗ ಹೇಣ್ತಿ ಮುಂದ ಬಾಯಿ ಮುಚಗೊಂಡು ನಿಲ್ಲೂದಿಲ್ಲಲ್ಲ,” ಅಂದೆ ನಾನು.

ಹೀಗೆ ದಿನಾ ಮೂಸಿ ಮೂಸಿ ಅವಳ ಮೂಗು ಪಳಗಿತು. ಕುಡಿದದ್ದು ಯಾವುದು, ಎಷ್ಟು ಹೊತ್ತಾಯಿತು, ಮೇಲೆ ಏಲಕ್ಕಿ ತಿಂದನೋ ಸೋಂಪು ತಿಂದನೋ, ಎಲ್ಲ ಹೇಳುತ್ತಿದ್ದಳು. ಓಣಿಯ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ತಂದು ನಿಲ್ಲಿಸತೊಡಗಿದರು. ಸಂಜೆಯಾದರೆ ನಮ್ಮ ಕಟ್ಟೆಯ ಮುಂದೆ ಬಾಯಿ ತೆರೆದ ಗಂಡಸರ ಪಾಳಿ. ರೇಶನ್ ಅಂಗಡಿಯಲ್ಲೂ ಅಂಥ ಶಿಸ್ತು ನಾನು ಕಂಡಿಲ್ಲ.

ಒಂದು ಸಂಜೆ ಪೊಲೀಸ್ ಪೇದೆಯೊಬ್ಬ ಬೈಕು ಸವಾರನನ್ನು ಹಿಡಿದುಕೊಂಡು ಬಂದ. “ಅಕ್ಕಾರ, ನಮ್ಮ ಮಷಿನ್ನಿಂದು ಚಾರ್ಜ್ ಮುಗದೈತ್ರಿ. ಇಂವ ಕುಡದಿಲ್ಲ ಅಂತ ವಾದ ಮಾಡಾಕತ್ಯಾನ. ಒಂದೀಟ ನೋಡಿ ಹೇಳ್ರಿ,” ಅಂದ.

ಸವಾರ ಹಾ ಅಂದ. ನನ್ನ ಹೆಂಡತಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಕೊರಳು ಹೊರಳಿಸಿ ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿದಳು.

“ಈ ಹುಡುಗ ಕುಡದಿಲ್ರಿ, ಬಿಡ್ರಿ ಅವನ್ನ,” ಅಂದಳು. “ಆದ್ರ ನೀವು ಗಾಡಿ ಹೊಡೀಬ್ಯಾಡ್ರಿ. ಅವನ ಹಿಂದ ಕುಂದ್ರಿ, ಅಂವ ನಿಮ್ಮನ್ನ ಮನಿ ಮುಟ್ಟಸ್ತಾನ.”

ತಾಡಪತ್ರಿ

ಹಮಾಲನೂ, ನೆರೆ ಇಳಿದ ಮೇಲೆ ನನ್ನ ಜೊತೆ ದವಾಖಾನೆಗೆ ಬಂದಿದ್ದ ಹೊಳೆಮಣ್ಣೂರಿನವನೂ ವರ್ಷ ದಾಟಿ ಮಗ್ಗಕ್ಕೆ ಬಂದರು. ಇಬ್ಬರಿಗೂ ನೇಯ್ಗೆಯ ಗಂಧವಿಲ್ಲ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು, ಲಾಳಿ ಆ ಕಡೆಯಿಂದ ಈ ಕಡೆಗೆ ಎಸೆಯಬೇಕು, ಎಸೆದ ಎಳೆಯನ್ನು ಹಲಗೆಯಿಂದ ಹದವಾಗಿ ಬಡಿಯಬೇಕು. ಇಷ್ಟು ಎಳೆ ಕೆಂಪು, ಇಷ್ಟು ಎಳೆ ಬಿಳಿ ಅಂತ ಎಣಿಸಬೇಕು. ಎಣಿಕೆ ತಪ್ಪಿದರೆ ಚೌಕಡಿ ತಪ್ಪಿತು.

ಹಮಾಲ ಚೀಲ ಎತ್ತುವ ಕೈಯಿಂದ ಹಲಗೆ ಬಡಿದ. ಮನೆ ಬಿತ್ತೋ ಅಂತ ಪಕ್ಕದವರು ಓಡಿ ಬಂದರು. ಅವನ ಚೌಕಡಿಗಳು ಒತ್ತಿ ಒತ್ತಿ ಚಪ್ಪಟೆಯಾದವು. ಹೊಳೆಮಣ್ಣೂರಿನವನು ಎಲ್ಲಿ ನೂಲಿಗೆ ನೋವಾಗುತ್ತದೋ ಅನ್ನುವ ಹಾಗೆ ಬಡಿದ. ಅವನ ಚೌಕಡಿಗಳು ಉದ್ದುದ್ದ, ಜಾಳು ಜಾಳು, ಆಚೆಗೆ ನಿಂತವರ ಮುಖ ಕಾಣುತ್ತಿತ್ತು. ನನ್ನ ಹೆಂಡತಿ ಬಂದು ಕೈಯಾಡಿಸಿ ನೋಡಿದಳು.

“ಇದು ತಾಡಪತ್ರಿ, ಅದು ಮೀನಿನ ಬಲಿ. ಎರಡೂ ಕೂಡಿಸಿ ಉಟಗೋಬೇಕೇನ್ರಿ ನಾ?”

ನನಗೆ ಮುಖ ಸಣ್ಣದಾಯಿತು. “ಬಿಚ್ಚಿ ನಾನ ನೇದು ಕೊಡ್ಲೇನು?” ಅಂದೆ.

“ಕೈ ಹಚ್ಚಬ್ಯಾಡ್ರಿ,” ಅಂದಳು. “ಒಂದೊಂದು ಚೌಕಡಿಗೆ ಎಷ್ಟು ದಿವಸ ಬಿಟ್ಟಾರ ಅವರು. ಇರಲಿ ಹಂಗ.”

ಎಲ್ಲರೂ ತಲೆ ತಗ್ಗಿಸಿದೆವು. ಹಮಾಲನಿಗೆ ಮಾತ್ರ ಧೈರ್ಯ ಬಂತು. “ಅಕ್ಕಾರ, ಚಿಂತಿ ಮಾಡಬ್ಯಾಡ್ರಿ,” ಅಂದ. “ತಾಡಪತ್ರಿ ಭಾಗ ಹೊರಗ ಬರೂಹಂಗ ಉಟಗೋರ್ರಿ, ಮಳಿ ಬಂದ್ರೂ ನೆನಿಯೂದಿಲ್ಲ.”

ತವರಿನ ಉಂಡಿ

ಇನ್ನು ಉಳಿದದ್ದು ಸೆರಗು, ನಾಲ್ಕನೆಯವನ ಪಾಲು. ವರ್ಷಗಳು ಹೋದವು, ಸೆರಗಿಲ್ಲದ ಸೀರೆ ಮಗ್ಗದ ಮೇಲೆ ಹಳೆಯ ಧೋತರ ಹೊದ್ದು ಕೂತಿತ್ತು. “ಬಸ್‌ಸ್ಟ್ಯಾಂಡಿನಾಂವ ಸಿಕ್ಕನೇನ್ರಿ?” ಅಂತ ಹೆಂಡತಿ ಆಗಾಗ ಕೇಳುತ್ತಿದ್ದಳು. ಬಸ್ ಸಿಕ್ಕಿತು, ಅವನು ಸಿಗಲಿಲ್ಲ ಅನ್ನುತ್ತಿದ್ದೆ. ಬೆನ್ನ ಹಿಂದೆ ನರೇಗಲ್ಲಿಗೆ ಹೋಗಿ ಭಾವಮೈದುನನ ಕಾಲು ಹಿಡಿದದ್ದೂ ಆಯಿತು. “ಮಾವಾರ, ನಾ ಭಜನಿಯವ. ನನ್ನನ್ನ ಕುಡುಕರ ಸಾಲಿನ್ಯಾಗ ಕುಂದ್ರಸ್ತೀರೇನು?” ಅಂದು ಬಾಯಿಗೆ ಏಲಕ್ಕಿ ಹಾಕಿಕೊಂಡ.

ಒಂದು ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಅವನು ಉಂಡಿಯ ಡಬ್ಬಿ ಹೊತ್ತು ಬಂದ. ನಾನು ರೋಣದಿಂದ ಬಂದಿದ್ದೆ, ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲೇ ಕೂಡಿಕೊಂಡು ಮನೆಗೆ ನಡೆದೆವು. ಹೊಸ್ತಿಲಲ್ಲಿ ರೂಢಿಯಂತೆ ನಾನು ಹಾ ಅಂದೆ. ಹೆಂಡತಿ ಮೂಸಿದಳು.

ಪಕ್ಕದಲ್ಲಿ ನಿಂತವನಿಗೆ ನಗು ತಡೆಯಲಾಗಲಿಲ್ಲ. “ಅಯ್ಯ ಅಕ್ಕಾ, ಇನ್ನೂ ಬಿಟ್ಟಿಲ್ಲೇನ ಈ ಪದ್ಧತಿ? ಹಹಹಾ!” ಅಂತ ಬಾಯಿ ತುಂಬ ನಕ್ಕ. ನೇರ ಅವಳ ಮೂಗಿಗೆ ನಕ್ಕ.

ಅವಳು ಅಲ್ಲೇ ನಿಂತಳು. ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನಾಕನೇದಾಂವ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಾಂವ ಅಂದಿದ್ರಿ.”

“ಬಸ್‌ಸ್ಟ್ಯಾಂಡಿನ್ಯಾಗನ ಸಿಕ್ಕಿದ್ದ,” ಅಂದೆ. “ಅದೇನು ಸುಳ್ಳಲ್ಲ.”

ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. “ಉಂಡಿ ಒಳಗ ಬರಲಿ. ನೀ ಹೊರಗ ನಿಲ್ಲು,” ಅಂದಳು.

ಆ ವರ್ಷ ಅವಳು ತವರಿಗೆ ಹೋಗಲಿಲ್ಲ. ತವರನ್ನೇ ಇಲ್ಲಿ ಇಟ್ಟುಕೊಂಡಳು. ನಾನು ಅವನನ್ನು ದವಾಖಾನೆಗೆ ಕರೆದೊಯ್ದೆ, ಅವಳು ಗಂಜಿ ಕಾಸಿ ಹೊತ್ತಳು. ಎರಡು ಸಲ ಜಾರಿದ. ಎರಡು ಸಲವೂ ಎಣಿಕೆ ಮೊದಲಿನಿಂದ ಹಿಡಿದೆವು. “ಇವನ ಹಣೇಬಾರದಾಗ ಬಿಡೂದು ಬರದಿಲ್ಲ, ಬಿಟ್ಟ ಬಿಡ್ರಿ,” ಅಂತ ಊರವರು ಹೇಳಿದರು. ನನ್ನ ಹಣೆಬರಹದಲ್ಲೂ ಬರೆದಿರಲಿಲ್ಲ. ಬರೆಯದಿದ್ದರೆ ನೇದುಕೊಳ್ಳುತ್ತೇವೆ, ನೇಕಾರರು ನಾವು.

ಕೊನೆಗೊಂದು ವರ್ಷ ಪೂರ್ತಿಯಾಯಿತು. ಅವನು ಕುಣಿಗೆ ಇಳಿದು ಲಾಳಿ ಹಿಡಿದವನೇ ಗಳಗಳ ಅತ್ತ. ಅಕ್ಕ ಪಕ್ಕದಲ್ಲೇ ನಿಂತಿದ್ದಳು, ಅವಳ ಕಣ್ಣೂ ತುಂಬಿತ್ತು.

“ಅಳೂದಿದ್ರ ಆ ಕಡಿ ತಿರಗಿ ಅಳು,” ಅಂದಳು. “ಕೆಂಪು ನೂಲು ಬಣ್ಣ ಬಿಡತೈತಿ.”

ಡಿಸೈನು

ಭಜನೆ ಹಾಡದೆ ಅವನ ಕೈ ಓಡುತ್ತಿರಲಿಲ್ಲ. ಪಲ್ಲವಿಗೆ ಸಣ್ಣ ಚೌಕಡಿ, ನುಡಿಗೆ ದೊಡ್ಡ ಚೌಕಡಿ, ಹುರುಪು ಬಂದರೆ ಪಲ್ಲವಿ ನಾಲ್ಕು ಸಲ. ಅಂತೂ ಸೆರಗು ಮುಗಿಯಿತು. ನಾಲ್ವರೂ ನಿಂತು, ಮಗ್ಗದಿಂದ ಸೀರೆ ಕತ್ತರಿಸಲು ಕತ್ತರಿಯನ್ನು ನನ್ನ ಹೆಂಡತಿಯ ಕೈಗೇ ಕೊಟ್ಟೆವು.

ಮರುದಿನ ಸಂಜೆ ನಾನು ಹೊಸ್ತಿಲಲ್ಲಿ ನಿಂತು ಹಾ ಅಂದೆ. ಅವಳು ಕೊಡ ಹೊತ್ತುಕೊಂಡು ನನ್ನ ಪಕ್ಕದಿಂದಲೇ ಹಾದು ಹೋದಳು. “ಸೀರಿ ಬಂತಲ್ಲ. ನಡೀರಿ ಒಳಗ,” ಅಂದಳು, ತಿರುಗಿಯೂ ನೋಡದೆ. ತೆರೆದ ಬಾಯಿ ಮುಚ್ಚಿದೆ. ಇಷ್ಟು ವರ್ಷದ ಮೇಲೆ ನನ್ನ ಮನೆಯೊಳಗೆ ನಾನು ತಪಾಸಣೆ ಇಲ್ಲದೆ ಹೋದೆ. ಕಣ್ಣೀರು ಬಂತು ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆ ಸೀರೆಯನ್ನು ಅವಳು ಮೊದಲು ಉಟ್ಟದ್ದು ಈ ವರ್ಷ, ರೋಣದಲ್ಲಿ ನಡೆದ ಒಂದು ಮದುವೆಗೆ. ಮದುಮಗಳು ಹೊಳೆಮಣ್ಣೂರಿನವನ ಮಗಳು, ಹೈಸ್ಕೂಲಿನಲ್ಲಿ ಎದ್ದು ನಿಂತು ನನ್ನ ಮಾನ ಉಳಿಸಿದ ಹುಡುಗಿ. ನಾವು ನಾಲ್ವರೂ ಚಪ್ಪರದ ಕೆಳಗೆ ಇದ್ದೆವು. ನಾಲ್ವರ ಕೈಯಲ್ಲೂ ಮಜ್ಜಿಗೆ. ಮೂರು ಊರಿನ ಜನ ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಅಂತಲೇ ನಾವು ನಟ್ಟ ನಡುವೆ ನಿಂತಿದ್ದೆವು.

ಗಂಡಿನ ಕಡೆಯವರಲ್ಲಿ ಹುಬ್ಬಳ್ಳಿಯ ಸೀರೆ ವ್ಯಾಪಾರಿಯೊಬ್ಬರಿದ್ದರು. ಬಿಳಿ ಅಂಗಿ, ಬಾಯಿ ತುಂಬ ಮಸಾಲೆ ಎಲೆ. ಬಹಳ ಹೊತ್ತಿನಿಂದ ನನ್ನ ಹೆಂಡತಿಯ ಸೀರೆಯನ್ನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವರು ಕೊನೆಗೆ ತಡೆಯಲಾರದೆ ಬಂದರು.

“ತಪ್ಪ ತಿಳೀಬ್ಯಾಡ್ರಿ ತಾಯಿ. ಮೂವತ್ತು ವರ್ಷ ಸೀರಿ ಮಾರೀನಿ, ಇಂಥಾ ಡಿಸೈನು ಕಂಡಿಲ್ಲ. ಇಲ್ಲಿ ಚೌಕಡಿ ಸರಳ, ಇಲ್ಲಿ ದಟ್ಟ, ಇಲ್ಲಿ ಜಾಳು, ಸೆರಗಿನ್ಯಾಗಂತೂ ಒಂದರಂಗ ಒಂದಿಲ್ಲ! ಕಂಪ್ಯೂಟರಿನ್ಯಾಗ ಹಾಕಿಸಿದ್ದೇನ್ರಿ?”

“ಇಲ್ರಿ, ಕೈಲೆ ನೇದದ್ದು,” ಅಂದಳು ನನ್ನ ಹೆಂಡತಿ.

“ನಮ್ಮ ಅಂಗಡಿಗೆ ಇಂಥಾವ ಐವತ್ತು ಬೇಕ್ರಿ. ಎಷ್ಟು ದಿನದಾಗ ಆಗತಾವು?”

“ಐವತ್ತು ಕಷ್ಟರಿ ಅಣ್ಣಾರ. ಒಂದು ಸೀರಿಗೆ ನಾಕು ಮಂದಿ ಕುಡುಕರು ಬೇಕಾಗತಾರ.”

ವ್ಯಾಪಾರಿ ನಕ್ಕರು. ಅವಳು ನಗಲಿಲ್ಲ. ಬೆರಳಿನಿಂದ ಸೀರೆಯ ಮೇಲೆ ಒಂದೊಂದೇ ತೋರಿಸಿದಳು. “ಇದು ನನ್ನ ಗಂಡಂದು. ಈ ತಾಡಪತ್ರಿ ಅಲ್ಲಿ ನಿಂತಾರಲ್ಲ, ನರಗುಂದದವರು, ಅವರದು. ಈ ಮೀನಿನ ಬಲಿ ಮದುಮಗಳ ಅಪ್ಪಂದು. ಸೆರಗು ನನ್ನ ತಮ್ಮಂದು. ಸುಮ್ನ ಕುಡುಕರಾದ್ರ ನಡಿಯಂಗಿಲ್ರಿ. ಒಂದು ವರ್ಷ ಬಿಟ್ಟವರ ಬೇಕು. ಅದಕ್ಕ ಲಗೂ ಆಗೂದಿಲ್ಲ.”

ನಾವು ನಾಲ್ವರೂ ದೂರದಿಂದಲೇ ಮಜ್ಜಿಗೆಯ ಲೋಟ ಎತ್ತಿ ತೋರಿಸಿದೆವು.

ವ್ಯಾಪಾರಿಗೆ ನಂಬಲಾಗಲಿಲ್ಲ. ಖರೇ ಏನೋ ಅಂತ ಸೆರಗಿನ ಎಳೆ ಎಣಿಸಲು ಬಗ್ಗಿ ಹತ್ತಿರ ಬಂದರು. ಬಂದದ್ದೇ ತಪ್ಪಾಯಿತು. ನನ್ನ ಹೆಂಡತಿಯ ಮೂಗಿನ ಹೊಳ್ಳೆ ಒಮ್ಮೆ ಅರಳಿತು, ಇನ್ನೊಮ್ಮೆ ಅರಳಿತು. ಅವಳು ಸೆರಗನ್ನು ನಿಧಾನಕ್ಕೆ ಅವರ ಕೈಯಿಂದ ಬಿಡಿಸಿಕೊಂಡಳು.

“ಆರ್ಡರ್ ತಗೋತೇನ್ರಿ ಅಣ್ಣಾರ,” ಅಂದಳು. “ಒಬ್ಬರಂತೂ ಸಿಕ್ಕರು. ಇನ್ನ ಮೂರು ಮಂದೀನ ನೀವ ಕರಕೊಂಡ ಬರ್ರಿ.”